ಆಡಿಯೋ ಗೇಮ್‌ನಲ್ಲಿ ಹಿಂದಿನ ಸದ್ದು ಮುಂದೆ ಕೇಳಿಸುತ್ತಿದ್ದರೆ

ಅಂಧ ಆಟಗಾರರಿಗೆ ಮಾಡುತ್ತಿದ್ದ ಗೇಮ್‌ನಲ್ಲಿ ಎಡ-ಬಲ ಸರಿಯಾಗಿತ್ತು, ಆದರೆ ಶತ್ರು ಮುಂದಿದ್ದಾನೋ ಬೆನ್ನ ಹಿಂದಿದ್ದಾನೋ ಹೆಡ್‌ಫೋನ್‌ನಲ್ಲಿ ತಿಳಿಯುತ್ತಲೇ ಇರಲಿಲ್ಲ. ವಾಲ್ಯೂಮ್ ಇಳಿಸಿದರೆ ದೂರ ಇದ್ದಾನೆ ಅನ್ನಿಸುತ್ತದೆ, ಅಷ್ಟೇ. ಎಕೋ ಹಾಕಿದರೆ ಇನ್ನೂ ಗೊಂದಲ. ಓಪನ್‌ಎಎಲ್ ಸಾಫ್ಟ್ ಎಂಬ 3ಡಿ ಸದ್ದಿನ ಲೈಬ್ರರಿಯಲ್ಲಿ ಎಚ್‌ಆರ್‌ಟಿಎಫ್ (ತಲೆ, ಕಿವಿಯ ಆಕಾರ ಸದ್ದನ್ನು ಹೇಗೆ ಬದಲಿಸುತ್ತದೆ ಎಂಬ ಅಳತೆ) ಆನ್ ಮಾಡಿದರೂ ಅರ್ಧ ಮಾತ್ರ ಸರಿಹೋಯಿತು. ಒಂದೇ ಅಳತೆ ಎಲ್ಲರ ಕಿವಿಗೂ ಹೊಂದಲ್ಲ ಅಲ್ವಾ.

ಎಚ್‌ಆರ್‌ಟಿಎಫ್ ಆನ್ ಇರಲಿ. ಸದ್ದಿನ ಫೈಲ್‌ಗಳನ್ನೆಲ್ಲ ಮೋನೋ (ಒಂದೇ ಚಾನೆಲ್) ಮಾಡಿ, ಸ್ಟೀರಿಯೋ ಫೈಲ್‌ಗೆ 3ಡಿಯಲ್ಲಿ ಜಾಗ ಕೊಟ್ಟರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್ ಮಾಡಿ. ಆಮೇಲೆ ಸದ್ದು ಕಿವಿಯ ಸಾಲು, ಅಂದರೆ ನೇರ ಮುಂದಿನಿಂದ 90 ಡಿಗ್ರಿ ದಾಟಿದ ಕೂಡಲೇ ತೀಕ್ಷ್ಣ ಸದ್ದನ್ನು ಕತ್ತರಿಸುವ ಲೋಪಾಸ್ ಫಿಲ್ಟರ್ ಶುರುವಾಗಲಿ: ಗೇನ್‌ಎಚ್‌ಎಫ್ (ತೀಕ್ಷ್ಣ ಸದ್ದು ಎಷ್ಟು ಉಳಿಯಬೇಕೆಂಬ ಅಂಕೆ) 1.0ರಿಂದ ನಿಧಾನಕ್ಕೆ ಇಳಿದು 180 ಡಿಗ್ರಿಗೆ 0.2, ಜೊತೆಗೆ ಪಿಚ್ 0.92. ಬರೀ ಬೀಪ್‌ಗೆ ಈ ಫಿಲ್ಟರ್ ಅಷ್ಟಾಗಿ ತಾಗಲ್ಲ, ಅದರಲ್ಲಿ ಕತ್ತರಿಸಲು ತೀಕ್ಷ್ಣ ಸದ್ದು ಹೆಚ್ಚು ಇರುವುದಿಲ್ಲ. ಒಣ ಎಲೆ ತುಳಿದಂಥ ಸರಸರ ಸದ್ದು ಹಾಕಿ, ವ್ಯತ್ಯಾಸ ತಕ್ಷಣ ಕೇಳಿಸುತ್ತದೆ.