ಮಳೆ ರಜೆಯಲ್ಲಿ ಮೊಬೈಲ್ ಕೊಡುವ ಮುನ್ನ

ಮಡಿಕೇರಿಯಲ್ಲಿ ಮತ್ತೆ ಮಳೆ ರಜೆ, ಮಕ್ಕಳು ದಿನವಿಡೀ ಪರದೆಯ ಮುಂದೆ. ಮೊನ್ನೆ ನನ್ನ ಎಂಟು ವರ್ಷದ ಮಗ ಹೊಡೆದಾಟದ ದೃಶ್ಯವೊಂದನ್ನು ನೋಡಿ, ತಂಗಿಯ ಕುತ್ತಿಗೆ ಹಿಡಿದು ಅದನ್ನೇ ಆಡಿ ತೋರಿಸಿದ. ಎದೆ ಝಲ್ಲೆಂದಿತು. 1961ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗದಲ್ಲೂ ದೊಡ್ಡವರು ಗೊಂಬೆಗೆ ಬಡಿಯುವುದನ್ನು ಕಂಡ ಮಕ್ಕಳು ಹಾಗೆಯೇ ಬಡಿದಿದ್ದರು. ನೋಡಿದವರೆಲ್ಲ ಕ್ರೂರಿಗಳಾಗುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಚಿಕ್ಕವರು ಅನುಕರಿಸುತ್ತಾರೆ, ಕೆಲವರು ರಾತ್ರಿ ಬೆಚ್ಚಿಬೀಳುತ್ತಾರೆ.

ಕೇಂದ್ರ ಸರ್ಕಾರದ 2021ರ ನಿಯಮದಂತೆ ಒಟಿಟಿಯಲ್ಲಿ (ಇಂಟರ್ನೆಟ್ ಮೂಲಕ ಸಿನಿಮಾ, ಸರಣಿ ತೋರಿಸುವ ಆ್ಯಪ್‌ಗಳಲ್ಲಿ) ಯು/ಎ 13+ (13 ದಾಟದವರು ಪೋಷಕರ ಮಾರ್ಗದರ್ಶನದಲ್ಲಿ ಮಾತ್ರ ನೋಡಬೇಕಾದ) ಮತ್ತು ಅದಕ್ಕಿಂತ ಮೇಲಿನ ವರ್ಗದ ಕಾರ್ಯಕ್ರಮಗಳಿಗೆ ಪೋಷಕರ ಬೀಗ ಇರಬೇಕು. ಮಗುವಿಗೆ ಬೇರೆ ಪ್ರೊಫೈಲ್ ಮಾಡಿ, ನಿಮ್ಮದಕ್ಕೆ ಪಿನ್ ಹಾಕಿ. ಹುಟ್ಟಿದ ವರ್ಷ ಮಾತ್ರ ಬೇಡ, ಮಕ್ಕಳು ಊಹಿಸಿಬಿಡುತ್ತಾರೆ. ಹದಿಹರೆಯದವರಿಗೆ ಬೀಗ ಸಾಲದು, ಪಕ್ಕದಲ್ಲಿ ಕುಳಿತು ನೋಡಿ, “ಪೆಟ್ಟು ತಿಂದವನ ಮನೆಯವರಿಗೆ ಹೇಗಾಗಿರಬಹುದು?” ಎಂದು ಕೇಳಿ.