ಅಪ್ಲೈಡ್ ಏರೋಡೈನಾಮಿಕ್ಸ್‌ಗೆ ಯಾವ ಪುಸ್ತಕ, ಯಾವ ಕ್ರಮದಲ್ಲಿ?

ಏರೋಡೈನಾಮಿಕ್ಸ್ ಅಂದರೆ ರೆಕ್ಕೆ, ವಿಮಾನಗಳ ಮೇಲೆ ಗಾಳಿ ಹೇಗೆ ಕೆಲಸ ಮಾಡುತ್ತದೆ ಅನ್ನುವ ಶಾಸ್ತ್ರ. ಅದನ್ನು ಕಲಿಯಲು ಐದಾರು ದಪ್ಪ ಪುಸ್ತಕ ಗುಡ್ಡೆ ಹಾಕಿಕೊಂಡು, ಎಲ್ಲದರಲ್ಲೂ ಮೊದಲ ಎರಡು ಅಧ್ಯಾಯ ಓದಿ ಕೈಬಿಡುವವರೇ ಜಾಸ್ತಿ. ಶುರುವಿಗೆ ಎರಡೇ ಸಾಕು. ಒಂದು ಥಿಯರಿಗೆ, ಇನ್ನೊಂದು ಅಳತೆಗೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು.

ಥಿಯರಿಗೆ ಜಾನ್ ಆಂಡರ್ಸನ್ ಅವರ 'ಫಂಡಮೆಂಟಲ್ಸ್ ಆಫ್ ಏರೋಡೈನಾಮಿಕ್ಸ್'. 1984ರಲ್ಲಿ ಮೊದಲು ಬಂದದ್ದು, ಈಗಲೂ ಇಷ್ಟು ಬಿಡಿಸಿ ಹೇಳುವ ಪುಸ್ತಕ ಇನ್ನೊಂದು ನನಗೆ ಸಿಕ್ಕಿಲ್ಲ. ಏರ್‌ಫಾಯಿಲ್ (ರೆಕ್ಕೆಯನ್ನು ಅಡ್ಡ ಕೊಯ್ದಾಗ ಕಾಣುವ ಆಕಾರ) ಮತ್ತು ರೆಕ್ಕೆಯ ಅಧ್ಯಾಯಗಳನ್ನು ಪೆನ್ನು ಹಿಡಿದು ಓದಿ, ಸೂಪರ್‌ಸಾನಿಕ್ (ಶಬ್ದಕ್ಕಿಂತ ವೇಗದ) ಭಾಗ ಆಮೇಲೆ ನೋಡೋಣ. ಗಣಿತ ಭಾರ ಅನ್ನಿಸಿದರೆ ಅವರದ್ದೇ 'ಇಂಟ್ರೊಡಕ್ಷನ್ ಟು ಫ್ಲೈಟ್' ಮೊದಲು ಓದಿಕೊಳ್ಳಿ.

ಅಳತೆಗೆ ಆಬಟ್ ಮತ್ತು ಫಾನ್ ಡೋನ್‌ಹಾಫ್ ಅವರ 'ಥಿಯರಿ ಆಫ್ ವಿಂಗ್ ಸೆಕ್ಷನ್ಸ್', 1949ರದ್ದು. ಹೆಸರಲ್ಲಿ ಥಿಯರಿ ಇದ್ದರೂ ನಿಜವಾದ ಆಸ್ತಿ ಇರುವುದು ಕೊನೆಯಲ್ಲಿ, ವಿಂಡ್ ಟನಲ್‌ನಲ್ಲಿ (ಮಾದರಿಯ ಮೇಲೆ ಗಾಳಿ ಹಾಯಿಸಿ ಅಳೆಯುವ ಸುರಂಗ) ಅಳೆದ ಗ್ರಾಫ್‌ಗಳಲ್ಲಿ.

ಒಂದು ಲೆಕ್ಕ ಮಾಡಿ ನೋಡಿ. ನಾಕಾ (NACA, ನಾಸಾಕ್ಕೂ ಮೊದಲಿನ ಅಮೆರಿಕದ ಸಂಸ್ಥೆ) ಕೊಟ್ಟ 2412 ಅನ್ನುವ ಏರ್‌ಫಾಯಿಲ್ ತೆಗೆದುಕೊಳ್ಳಿ. ಕಾರ್ಡ್‌ನ (chord, ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಉದ್ದ) ಶೇ 2ರಷ್ಟು ಕ್ಯಾಂಬರ್ (ಬಾಗು), ಅದು ಮುಂದಿನ ಅಂಚಿನಿಂದ ಶೇ 40ರಲ್ಲಿ, ದಪ್ಪ ಶೇ 12. ಆ ನಾಲ್ಕು ಅಂಕಿಯ ಅರ್ಥ ಅಷ್ಟೇ. ಲಿಫ್ಟ್ (ಮೇಲೆತ್ತುವ ಬಲ) ಸೊನ್ನೆಯಾಗುವುದು ಏರ್‌ಫಾಯಿಲ್ ಗಾಳಿಗೆ ಒಡ್ಡಿದ ಕೋನ ಸುಮಾರು ಮೈನಸ್ 2 ಡಿಗ್ರಿ ಇದ್ದಾಗ, ಥಿಯರಿ ಪ್ರಕಾರ ಅಲ್ಲಿಂದ ಪ್ರತಿ ಡಿಗ್ರಿಗೆ ಲಿಫ್ಟ್ ಕೋಎಫಿಶಿಯೆಂಟ್ (ಲಿಫ್ಟ್ ಎಷ್ಟು ಅಂತ ಹೇಳುವ ಘಟಕವಿಲ್ಲದ ಸಂಖ್ಯೆ) 0.11 ಏರಬೇಕು. 4 ಡಿಗ್ರಿಗೆ 0.66 ಬರುತ್ತದೆ, ಗ್ರಾಫ್ ನೋಡಿದರೆ ಹತ್ತಿರ ಹತ್ತಿರ ಅಷ್ಟೇ! ಈಗ 16 ಡಿಗ್ರಿಗೆ ಮಾಡಿ. ಲೆಕ್ಕ 2ರ ಹತ್ತಿರ ಹೋಗುತ್ತದೆ, ಗ್ರಾಫ್ ಮಾತ್ರ 1.6ರ ಆಸುಪಾಸಿನಲ್ಲೇ ಬಾಗಿ ಕೆಳಗಿಳಿಯುತ್ತದೆ. ಗಾಳಿ ಮೇಲ್ಮೈ ಬಿಟ್ಟು ಹೋಗಿದೆ, ಸ್ಟಾಲ್ ಆಗಿದೆ. ಬೌಂಡರಿ ಲೇಯರ್ (ಮೇಲ್ಮೈಗೆ ಹತ್ತಿಕೊಂಡಿರುವ ತೆಳು ಗಾಳಿಪದರ) ಯಾಕೆ ಓದಬೇಕು ಅನ್ನುವುದು ಆ ಗೆರೆ ಬಾಗುವ ಜಾಗದಲ್ಲೇ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಕಾಟ್ಜ್ ಮತ್ತು ಪ್ಲಾಟ್ಕಿನ್ ಅವರ 'ಲೋ-ಸ್ಪೀಡ್ ಏರೋಡೈನಾಮಿಕ್ಸ್'. ಇದನ್ನು ಸುಮ್ನೆ ಓದಿದರೆ ಏನೂ ಉಳಿಯುವುದಿಲ್ಲ, ಒಂದು ಚಿಕ್ಕ ಪ್ಯಾನೆಲ್ ಕೋಡ್ (ಮೇಲ್ಮೈಯನ್ನು ಚಿಕ್ಕ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಪ್ರೋಗ್ರಾಂ) ನೀವೇ ಬರೆದು, ಅದೇ 2412ಕ್ಕೆ ಓಡಿಸಿ, ಬಂದ ಉತ್ತರವನ್ನು ಎಕ್ಸ್‌ಫಾಯಿಲ್ (ಏರ್‌ಫಾಯಿಲ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ಜೊತೆ ಹೋಲಿಸಿ. ಎಕ್ಸ್‌ಫಾಯಿಲ್ ಬರೆದ ಮಾರ್ಕ್ ಡ್ರೆಲಾ ಅವರದ್ದೇ 'ಫ್ಲೈಟ್ ವೆಹಿಕಲ್ ಏರೋಡೈನಾಮಿಕ್ಸ್' ಇದೆ (2014). ತುಂಬಾ ಒಳ್ಳೆಯದು, ಆದರೆ ಬಿಗಿ. ಅದಕ್ಕೇ ಮೊದಲ ಪುಸ್ತಕವಾಗಿ ಬೇಡ.

ಡ್ರ್ಯಾಗ್ (ಚಲನೆಗೆ ಗಾಳಿ ಒಡ್ಡುವ ತಡೆ) ಅಂದಾಜು ಹಾಕಬೇಕಾದಾಗ ಹೋರ್ನರ್ ಅವರ 'ಫ್ಲೂಯಿಡ್-ಡೈನಾಮಿಕ್ ಡ್ರ್ಯಾಗ್'. ತಂತಿ, ಕಂಬಿ, ರಿವೆಟ್ ತಲೆ, ಎಲ್ಲದಕ್ಕೂ ಅಳತೆ ಸಿಗುತ್ತದೆ. ಇದನ್ನು ಮೊದಲಿಂದ ಕೊನೆಯವರೆಗೆ ಓದಲು ಕೂರಬೇಡಿ, ನಿಘಂಟಿನ ಹಾಗೆ ಬೇಕಾದಾಗ ತೆರೆಯಿರಿ.

ಹೊಸ ಆವೃತ್ತಿಯೇ ಬೇಕು ಅಂತ ಕಾಯುವುದು ಬೇಡ. ಈ ವಿಷಯದ ಬುಡ ಬದಲಾಗಿಲ್ಲ. ಆಂಡರ್ಸನ್ ಹಳೆಯ ಪ್ರತಿ ಕೈಗೆ ಸಿಕ್ಕರೆ ಅದರಲ್ಲೇ ಇವತ್ತೇ ಶುರು ಮಾಡಬಹುದು.