ಸಿಂಗಾಪುರದಿಂದ ಮಲೇಷ್ಯಾದ ಮಲಕ್ಕಾಗೆ ಹೋಗಿ ಹೆಲ್ತ್ ಚೆಕಪ್ ಮಾಡಿಸ್ಕೊಂಡಿದ್ದು – ನನ್ನ ಅನುಭವ

ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಶುರುವಾಗಿದ್ದು 46ನೇ ವಯಸ್ಸಿಗೆ, ಅಮ್ಮನಿಗೂ ಇಪ್ಪತ್ತು ವರ್ಷದಿಂದ ಇದೆ, ದೊಡ್ಡಪ್ಪ ಹಾರ್ಟ್ ಅಟ್ಯಾಕಲ್ಲಿ ಹೋದಾಗ ಅವರಿಗಿನ್ನೂ 52. ಹಂಗಾಗಿ ನನಗೆ 42 ತುಂಬಿದ ವರ್ಷ ನನ್ನ ಹೆಂಡತಿ "ರೀ, ಈ ಸಲ ಇಬ್ರೂ ಪೂರ್ತಿ ಚೆಕಪ್ ಮಾಡಿಸ್ಲೇಬೇಕು, ಮುಂದಕ್ಕೆ ಹಾಕೋದು ಬೇಡ" ಅಂತ ಪಟ್ಟು ಹಿಡಿದ್ಲು. ನಾವಿರೋದು ಸಿಂಗಾಪುರದಲ್ಲಿ, ಎಂಪ್ಲಾಯ್‌ಮೆಂಟ್ ಪಾಸ್ (ಕೆಲಸದ ವೀಸಾ) ಮೇಲೆ. ಚೆಕಪ್‌ಗೆ ಅಂತ ಇರೋ ಸರ್ಕಾರದ ಸ್ಕ್ರೀನ್ ಫಾರ್ ಲೈಫ್ ಯೋಜನೆ ಪ್ರಜೆಗಳಿಗೆ ಮತ್ತೆ ಪಿಆರ್ (ಕಾಯಂ ವಾಸದ ಪರವಾನಗಿ) ಇರೋರಿಗೆ ಮಾತ್ರ. ನಮಗೆ ಸಿಪಿಎಫ್ಫೂ (ಇಲ್ಲಿನ ಪಿಎಫ್) ಇಲ್ಲ, ಅದರಲ್ಲಿ ಆಸ್ಪತ್ರೆ ಖರ್ಚಿಗೆ ಅಂತ ಇಡೋ ಮೆಡಿಸೇವೂ ಇಲ್ಲ. ಕಂಪನಿ ಇನ್ಶೂರೆನ್ಸ್ ಕಾಯಿಲೆ ಬಂದ್ರೆ ಕೊಡುತ್ತೆ, ಬರದೇ ಇರೋ ಹಾಗೆ ನೋಡ್ಕೊಳ್ಳೋಕೆ ಕೊಡಲ್ಲ. ಇಲ್ಲಿನ ಒಂದು ಪ್ರೈವೇಟ್ ಕಡೆ ವಿಚಾರಿಸಿದ್ರೆ ಒಬ್ಬೊಬ್ಬರಿಗೆ 780 ಸಿಂಗಾಪುರ ಡಾಲರ್ ಅಂದ್ರು.

ಊರಿಗೆ ಹೋದಾಗ ಶಿವಮೊಗ್ಗದಲ್ಲೋ ಬೆಂಗಳೂರಲ್ಲೋ ಮಾಡಿಸಿದ್ರೆ ಇನ್ನೂ ಕಡಿಮೆ ಅಲ್ವಾ ಅಂತ ಎಲ್ರೂ ಕೇಳ್ತಾರೆ. ಕಡಿಮೆ ನಿಜ. ಆದ್ರೆ ನಮ್ಮ ರಜ ಎರಡು ವಾರ, ಅದ್ರಲ್ಲಿ ಒಂದು ಮದುವೆ ಒಂದು ಗೃಹಪ್ರವೇಶ ಇದ್ದೇ ಇರುತ್ತೆ, ರಿಪೋರ್ಟಲ್ಲಿ ಏನಾದ್ರೂ ಹೆಚ್ಚುಕಮ್ಮಿ ಬಂದು ಮೂರು ತಿಂಗಳು ಬಿಟ್ಟು ಬನ್ನಿ ಅಂದ್ರೆ ಯಾರು ಹೋಗ್ತಾರೆ? ಚೆಕಪ್‌ಗಿಂತ ಅದರ ನಂತರದ ಕೆಲಸ ಮುಖ್ಯ, ಅದಕ್ಕೆ ಬಸ್ಸಲ್ಲಿ ಹೋಗಿ ಬರೋ ದೂರ ಇರ್ಬೇಕು ಅನ್ನೋದು ನನ್ನ ಲೆಕ್ಕ.

2024ರ ಜೂನಲ್ಲಿ ಮೊದಲನೇ ಸಲ ಮಲೇಷ್ಯಾದ ಜೊಹೋರ್ ಬಾರುಗೆ (ಜೆಬಿ) ಹೋದ್ವಿ, ಸೇತುವೆ ದಾಟಿದ್ರೆ ಆಯ್ತಲ್ಲ ಅಂತ. ಆಸ್ಪತ್ರೆ ಆರಿಸಿದ ರೀತಿನೇ ತಪ್ಪಾಗಿತ್ತು. ನಾಲ್ಕೈದು ಪ್ಯಾಕೇಜ್ ಪಕ್ಕಪಕ್ಕ ಇಟ್ಕೊಂಡು ಯಾವುದ್ರಲ್ಲಿ ಟೆಸ್ಟ್ ಜಾಸ್ತಿ ಇದೆ ಅಂತ ಎಣಿಸಿದ್ದೆ ಅಷ್ಟೇ. 880 ರಿಂಗಿಟ್ (ಮಲೇಷ್ಯಾ ದುಡ್ಡು), ಅಂದ್ರೆ ಆವಾಗ ಸುಮಾರು 250 ಡಾಲರ್, ಅರವತ್ತಕ್ಕೂ ಹೆಚ್ಚು ಟೆಸ್ಟ್. ಸ್ಕೂಲ್ ರಜೆಯ ಶನಿವಾರ ಬೇರೆ, ಕಾಸ್‌ವೇ ಅನ್ನೋ ಆ ಸೇತುವೆ ಮೇಲೆ ಬಸ್ಸು ಇಂಚಿಂಚೇ ಹೋಗ್ತಿತ್ತು, ಹಿಂದಿನ ದಿನ ರಾತ್ರಿ ಎಂಟಕ್ಕೆ ಊಟ ಮಾಡಿದೋರು ಆಸ್ಪತ್ರೆ ಮುಟ್ಟಿದಾಗ ಹನ್ನೊಂದೂವರೆ, ಹದಿನೈದು ಗಂಟೆ ಉಪವಾಸ, ಹೆಂಡತಿಗೆ ತಲೆ ಸುತ್ತೋಕೆ ಶುರುವಾಗಿ ರಕ್ತ ತೆಗೆಯೋ ಕುರ್ಚಿಯಲ್ಲೇ ಒರಗಿಬಿಟ್ಲು.

ಅದಾದ್ರೂ ಪರವಾಗಿಲ್ಲ. ಆ ಪ್ಯಾಕೇಜಲ್ಲಿ ಟ್ಯೂಮರ್ ಮಾರ್ಕರ್ ಅಂತ, ರಕ್ತದಲ್ಲಿ ಕ್ಯಾನ್ಸರ್ ಸುಳಿವು ಹುಡುಕೋ ನಾಲ್ಕು ಟೆಸ್ಟ್ ಇತ್ತು, ನಾವೂ ಖುಷಿಯಾಗಿದ್ವಿ. ಒಂದು ವಾರಕ್ಕೆ ಇಮೇಲಲ್ಲಿ ರಿಪೋರ್ಟ್ ಬಂತು. ಅವಳ ಸಿಎ 125 ಅನ್ನೋದು 35ರ ಒಳಗೆ ಇರ್ಬೇಕಾಗಿದ್ದು 41 ಇದೆ, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಒಂದು ನಕ್ಷತ್ರ. ಅದು ಅಂಡಾಶಯದ ಕ್ಯಾನ್ಸರ್‌ಗೆ ನೋಡೋ ಮಾರ್ಕರ್. ಫೋನ್ ಮಾಡಿದ್ರೆ ಡಾಕ್ಟರ್ ಸಿಗ್ಲಿಲ್ಲ, ಕೌಂಟರಲ್ಲಿದ್ದೋರು ಸ್ಕ್ಯಾನ್ ಮಾಡಿಸ್ಬಹುದು ಅಂತ ರೇಟ್ ಹೇಳಿದ್ರು. ಎರಡು ವಾರ ಮನೇಲಿ ಯಾರೂ ಸರಿಯಾಗಿ ಮಾತಾಡ್ಲಿಲ್ಲ. ರಾತ್ರಿ ಅವಳು ಮಗಳ ಪಕ್ಕ ಮಲಗಿ ಕತ್ತಲಲ್ಲಿ ಕಣ್ಣು ಬಿಟ್ಕೊಂಡಿರೋದು ನನಗೆ ಗೊತ್ತಾಗ್ತಿತ್ತು. ಕೊನೆಗೆ ಸಿಂಗಾಪುರದಲ್ಲೇ ಒಬ್ಬ ಸ್ತ್ರೀರೋಗ ತಜ್ಞೆ ಹತ್ರ ಹೋದ್ವಿ. ಅವರು ಕೇಳಿದ ಮೊದಲನೇ ಪ್ರಶ್ನೆ: "ರಕ್ತ ಕೊಟ್ಟ ದಿನ ನಿಮಗೆ ಮುಟ್ಟಿತ್ತಾ?" ಇತ್ತು. ಮುಟ್ಟಿನಲ್ಲಿ, ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ರೆ, ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯೋ ತೊಂದ್ರೆ) ಇದ್ರೆ ಸಿಎ 125 ಏರುತ್ತಂತೆ, ಯಾವ ತೊಂದ್ರೆಯೂ ಇಲ್ಲದ ಹೆಂಗಸರಿಗೆ ಸುಮ್ನೆ ಮಾಡ್ಸೋ ಟೆಸ್ಟೇ ಅಲ್ಲ ಅದು. ಸ್ಕ್ಯಾನ್ ಮಾಡಿ ನೋಡಿದ್ರು, ಮುಟ್ಟು ಮುಗಿದ್ಮೇಲೆ ಮತ್ತೆ ರಕ್ತ ತೆಗೆದ್ರು, 22 ಬಂತು. ಅವತ್ತು ಕ್ಲಿನಿಕ್ ಹೊರಗಡೆ ಬೆಂಚ್ ಮೇಲೆ ಕೂತು ಅವಳು ಅತ್ತಿದ್ದು ನಾನು ಮರೆಯಲ್ಲ. ಜೆಬಿಯಲ್ಲಿ ಉಳಿಸಿದ ದುಡ್ಡಲ್ಲಿ ಅರ್ಧದಷ್ಟು ಆ ಎರಡು ವಿಸಿಟ್ಟಿಗೇ ಹೋಯ್ತು.

2025ರ ಆಗಸ್ಟಲ್ಲಿ ಎರಡನೇ ಸಲ ಹೊರಟಾಗ ಕೆಲಸವನ್ನ ಉಲ್ಟಾ ಮಾಡಿದ್ವಿ. ಮೊದಲು ನಮಗೆ ಏನು ತಿಳ್ಕೋಬೇಕು ಅಂತ ಹಾಳೆ ಮೇಲೆ ಬರೆದ್ವಿ. ನನಗೆ ಫಾಸ್ಟಿಂಗ್ ಶುಗರ್, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟ್ರಾಲ್, ಕಿಡ್ನಿ, ಲಿವರ್, ಮೂತ್ರ, ಬಿಪಿ, ಇಸಿಜಿ, ಹೊಟ್ಟೆ ಅಲ್ಟ್ರಾಸೌಂಡ್. ಅವಳಿಗೆ ಅದರ ಜೊತೆ ಥೈರಾಯ್ಡ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ), ಪ್ಯಾಪ್ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ಟೆಸ್ಟ್), 41 ವರ್ಷ ಆಗಿದ್ರಿಂದ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ). ಟ್ಯೂಮರ್ ಮಾರ್ಕರ್ ಬೇಡವೇ ಬೇಡ. ಈ ಪಟ್ಟಿನೇ ಐದು ಆಸ್ಪತ್ರೆಗೆ ಇಮೇಲ್ ಮಾಡಿ, ಇಷ್ಟು ಮಾತ್ರ ಮಾಡಿದ್ರೆ ಎಷ್ಟು, ಒಂದೊಂದಕ್ಕೂ ಬಿಡಿಸಿ ಬರೆದುಕೊಡಿ ಅಂತ ಕೇಳಿದೆ. ರಿಪೋರ್ಟ್ ವಿವರಿಸೋರು ಯಾರು, ಅವತ್ತೇನಾ ಇನ್ನೊಂದು ದಿನಾನಾ, ಫೋನಲ್ಲಿ ಮಾತಾಡ್ಬಹುದಾ, ಅದಕ್ಕೆ ಬೇರೆ ಫೀಸಾ ಅಂತಾನೂ ಕೇಳಿದೆ. ಇಬ್ರು ಉತ್ತರನೇ ಕೊಡ್ಲಿಲ್ಲ, ಇಬ್ರು ಬ್ರೋಶರ್ ಕಳಿಸಿ ಸುಮ್ನಾದ್ರು. ಮಲಕ್ಕಾದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯೋರು ಮಾತ್ರ ಮಾರನೇ ದಿನವೇ ಸಾಲುಸಾಲಾಗಿ ರೇಟ್ ಹಾಕಿ, ರಿಪೋರ್ಟ್ ಹೇಳೋ ಡಾಕ್ಟರ್ ಹೆಸರು ಸಮೇತ ಬರೆದ್ರು. ಅಲ್ಲಿಗೇ ಅರ್ಧ ತೀರ್ಮಾನ ಆಗಿಹೋಯ್ತು.

ಆ ಡಾಕ್ಟರ್ ಹೆಸರನ್ನ ಮಲೇಷ್ಯಾದ ನ್ಯಾಷನಲ್ ಸ್ಪೆಷಲಿಸ್ಟ್ ರಿಜಿಸ್ಟರಲ್ಲಿ (ತಜ್ಞ ಡಾಕ್ಟರ್‌ಗಳ ಪಟ್ಟಿ) ಹಾಕಿ ನೋಡಿದೆ, ಇತ್ತು. ಆಸ್ಪತ್ರೆಗೆ ಅಮೆರಿಕದ ಜೆಸಿಐ ಅನ್ನೋ ಗುಣಮಟ್ಟದ ಮುದ್ರೆ ಇರ್ಲಿಲ್ಲ, ಅಲ್ಲಿಯದೇ ಆದ ಎಂಎಸ್‌ಕ್ಯೂಎಚ್ ಇತ್ತು, ರಕ್ತಪರೀಕ್ಷೆಗೆ ಅದು ಸಾಕು ಅನ್ನೋದು ನನ್ನ ಅಭಿಪ್ರಾಯ. ಇನ್ನೊಂದು ವಿಷಯ, ಅಲ್ಲಿ ಪ್ರೈವೇಟ್ ಆಸ್ಪತ್ರೆಯ ಡಾಕ್ಟರ್ ಫೀಸಿಗೆ ಸರ್ಕಾರ ಮಿತಿ ಹಾಕಿದೆ, ಆದ್ರೆ ಆಸ್ಪತ್ರೆ ಹಾಕೋ ಬೇರೆ ಚಾರ್ಜುಗಳಿಗೆ ಆ ಮಿತಿ ಇಲ್ಲ, ಬಿಲ್ ಉದ್ದ ಆಗೋದು ಅಲ್ಲೇ. ಅದಕ್ಕೇ ಬರಹದಲ್ಲಿ ತಗೊಳ್ಳಿ. 2025ರ ಜುಲೈ 1ರಿಂದ ಮಲೇಷ್ಯಾ ಪ್ರಜೆಗಳಲ್ಲದೋರಿಗೆ ಪ್ರೈವೇಟ್ ಆಸ್ಪತ್ರೆ ಬಿಲ್ ಮೇಲೆ 6% ಸರ್ವಿಸ್ ಟ್ಯಾಕ್ಸ್ ಬೇರೆ ಬಂದಿದೆ, ಹಳೇ ರೇಟಲ್ಲಿ ಅದು ಸೇರಿರಲ್ಲ.

ಮಲೇಷ್ಯಾದ್ದೇ ಇನ್ನೊಂದು ಊರು ಪೆನಾಂಗೂ ಯೋಚಿಸಿದ್ವಿ. ಅಲ್ಲಿನ ಅಡ್ವೆಂಟಿಸ್ಟ್ ಆಸ್ಪತ್ರೆ 1924ರಿಂದ ಇದೆ, ಊಟ ಸಸ್ಯಾಹಾರಿ ಅಂತ ಹೆಂಡತಿಗೆ ಬಹಳ ಆಸೆ ಇತ್ತು, ಆದ್ರೆ ಇಬ್ಬರ ವಿಮಾನದ ಖರ್ಚು ಸೇರಿಸಿದ್ರೆ ಉಳಿತಾಯ ಕರಗಿಹೋಗ್ತಿತ್ತು.

ಮಲಕ್ಕಾಗೆ ಬಸ್ಸಲ್ಲಿ ನಾಲ್ಕು ಗಂಟೆ ಚಿಲ್ಲರೆ. ನಮ್ಮ ಪಾಸ್‌ಪೋರ್ಟಿಗೆ ಆವಾಗ ವೀಸಾ ಬೇಕಿರ್ಲಿಲ್ಲ, ಡಿಜಿಟಲ್ ಅರೈವಲ್ ಕಾರ್ಡನ್ನ ಹೋಗೋಕೆ ಮುಂಚಿನ ಮೂರು ದಿನದ ಒಳಗೆ ಆನ್‌ಲೈನಲ್ಲಿ ತುಂಬಬೇಕಿತ್ತು ಅಷ್ಟೇ. ಗುರುವಾರ ಸಂಜೆ ಹೋಗಿ ಆಸ್ಪತ್ರೆ ಹತ್ರನೇ ರೂಮ್ ಮಾಡಿದ್ವಿ, ಶುಕ್ರವಾರ ಬೆಳಗ್ಗೆ ಏಳೂವರೆಗೆ ನಡ್ಕೊಂಡು ಹೋಗಿ ಎಂಟಕ್ಕೆಲ್ಲ ರಕ್ತ ಕೊಟ್ಟಾಗಿತ್ತು. ತಿಂಡಿ ಕೂಪನಿಗೆ ಕಾಯಾ ಟೋಸ್ಟ್ ಕೊಟ್ರು. ಕಾಯಾ ಅಂದ್ರೆ ತೆಂಗಿನಹಾಲು, ಮೊಟ್ಟೆ ಹಾಕಿ ಮಾಡೋ ಜಾಮ್, ಅವಳು ಮೊಟ್ಟೆ ತಿನ್ನಲ್ಲ. ಅಲ್ಲಿದ್ದ ತಮಿಳು ನರ್ಸಮ್ಮ ತಾನೇ ಕ್ಯಾಂಟೀನಿಗೆ ಹೋಗಿ ಎರಡು ತೋಸೈ, ಸಾಂಬಾರ್ ತಂದುಕೊಟ್ರು, ಅಲ್ಲಿ ದೋಸೆಗೆ ಹಂಗೇ ಅನ್ನೋದು.

ಮಧ್ಯಾಹ್ನ ಎರಡಕ್ಕೆ ಡಾಕ್ಟರ್ ಕರೆದ್ರು. ಸ್ಕ್ರೀನ್ ನಮ್ಮ ಕಡೆ ತಿರುಗಿಸಿ ಒಂದೊಂದೇ ಸಾಲು ಓದಿದ್ರು, ಒಂದು ಬಿಳಿ ಹಾಳೆ ಮೇಲೆ ಲಿವರ್ ಚಿತ್ರ ಬರೆದು ಕೊಬ್ಬು ಎಲ್ಲಿ ಕೂತಿದೆ ಅಂತ ಪೆನ್ಸಿಲಲ್ಲಿ ಗೀಚಿ ತೋರಿಸಿದ್ರು. ಇಪ್ಪತ್ತೈದು ನಿಮಿಷ. ನನ್ನ ಫಾಸ್ಟಿಂಗ್ ಶುಗರ್ 6.3, ಎಚ್‌ಬಿಎ1ಸಿ 6.1, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 4.2, ಮೂರೂ ಸ್ವಲ್ಪ ಜಾಸ್ತಿನೇ. ಅವಳದು ಫೆರಿಟಿನ್ ಬರೀ 8, ವರ್ಷದಿಂದ ಸುಸ್ತು ಸುಸ್ತು ಅಂತಿದ್ದಿದ್ದು ಅದಕ್ಕೇ. ಮ್ಯಾಮೊಗ್ರಾಮ್ ಚೆನ್ನಾಗಿತ್ತು, ಪ್ಯಾಪ್ ಸ್ಮಿಯರ್ ರಿಸಲ್ಟ್ ಹತ್ತು ದಿನಕ್ಕೆ ಬಂತು, ಅದನ್ನ ಅವರೇ ಫೋನ್ ಮಾಡಿ ಹೇಳಿದ್ರು, ದುಡ್ಡು ಕೇಳ್ಲಿಲ್ಲ. ಇಬ್ಬರದೂ ಟ್ಯಾಕ್ಸ್ ಸೇರಿ 1,643 ರಿಂಗಿಟ್, ಹತ್ತಿರ ಹತ್ತಿರ 500 ಡಾಲರ್, ಬಸ್ಸು ರೂಮು ಬೇರೆ.

ಆವತ್ತು ರಾತ್ರಿ ಅಮ್ಮ ಫೋನಲ್ಲಿ "ಸಕ್ಕರೆ ಎಷ್ಟು ಬಂತೋ?" ಅಂದ್ರು. ಆರು ಪಾಯಿಂಟ್ ಮೂರು ಅಂದೆ, ಗಾಬರಿಯಾಗಿಬಿಟ್ರು, ಅವರ ಮಿಷಿನಲ್ಲಿ ನೂರರ ಮೇಲಿನ ನಂಬರೇ ನೋಡಿ ಅಭ್ಯಾಸ. ಇಲ್ಲಿ ಬೇರೆ ಅಳತೆ ಅಮ್ಮ, 18ರಿಂದ ಗುಣಿಸಬೇಕು, 113 ಅಂತ ಹೇಳಿದ್ಮೇಲೆ ಸಮಾಧಾನ. ಊರಿನ ಡಾಕ್ಟರಿಗೆ ರಿಪೋರ್ಟ್ ಕಳಿಸೋರು ಹಿಂಗೆ ಊರಿನ ಅಳತೆಗೆ (mg/dL) ಬದಲಾಯಿಸಿಯೇ ಕಳಿಸಿ: ಕೊಲೆಸ್ಟ್ರಾಲ್ ಆದ್ರೆ 38.67ರಿಂದ ಗುಣಿಸಿ, ನನ್ನ 4.2 ಅಂದ್ರೆ 162. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ಆದ್ರೆ 88.4ರಿಂದ ಭಾಗಿಸಿ.

ಈಗ ರಾತ್ರಿ ಅನ್ನ ಅರ್ಧ ಮಾಡಿದೀನಿ, ಊಟ ಆದ್ಮೇಲೆ ಇಬ್ರೂ ಬ್ಲಾಕ್ ಸುತ್ತ ನಲವತ್ತು ನಿಮಿಷ ನಡೀತೀವಿ. ಮೂರು ತಿಂಗಳಿಗೆ ಮನೆ ಕೆಳಗಿನ ಕ್ಲಿನಿಕಲ್ಲೇ ಎಚ್‌ಬಿಎ1ಸಿ ಒಂದನ್ನೇ ಮಾಡಿಸಿದೆ, 5.8 ಬಂತು. ಮಲಕ್ಕಾ ಡಾಕ್ಟರಿಗೆ ಮೇಲ್ ಹಾಕಿದೆ, ಎಲ್‌ಡಿಎಲ್ ಇನ್ನೊಂದ್ಸಲ ನೋಡೋಣ, ಆಮೇಲೆ ಮಾತ್ರೆ ಬೇಕಾ ಬೇಡ್ವಾ ಹೇಳ್ತೀನಿ ಅಂತ ಉತ್ತರ ಬಂದಿದೆ.